ಮ್ಯಾಚ್ ಮುಗಿದ ಮೇಲೆ ಊರಿಗೆ ಹೋಗೋದು ಹೆಂಗ?

ನಮ್ಮ ರೂಮಿನಲ್ಲಿ ನಾವು ಮೂವರು. ರೋಣ, ನರಗುಂದ, ಗಜೇಂದ್ರಗಡದವರು. ಮೂರೂ ಊರೊಳಗೆ ರೈಲ್ವೆ ಸ್ಟೇಷನ್ ಇಲ್ಲ. ಹಾಗಾಗಿ ದೊಡ್ಡ ಸ್ಟೇಡಿಯಂ ಸಿಟಿಯೊಳಗಿರಬೇಕೋ ಹೊರಗಿರಬೇಕೋ ಅಂತ ಚರ್ಚೆ ಬಂದರೆ ನಾವು ಮೊದಲು ಕೇಳೋದು, ಕೊನೇ ಬಸ್ ಎಷ್ಟಕ್ಕೆ?

ಈ ಚರ್ಚೆ ಜೋರಾದದ್ದು 2025ರ ಜೂನ್ 4ರ ನಂತರ. ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತವಾಗಿ 11 ಜನ ಸತ್ತರು. ಆಮೇಲೆ ಸರ್ಕಾರ ಬೊಮ್ಮಸಂದ್ರದ ಹತ್ತಿರ, ಸೂರ್ಯನಗರದಲ್ಲಿ 80,000 ಸೀಟಿನ ಸ್ಟೇಡಿಯಂ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊರಗೆ ಒಯ್ದರೆ ಸಮಸ್ಯೆ ಮುಗೀತಾ?

ಲೆಕ್ಕ ಹಾಕೋಣ. ಸ್ಟೇಡಿಯಂ ಸುರಕ್ಷತೆಗೆ ಬ್ರಿಟನ್ನಿನಲ್ಲಿ 'ಗ್ರೀನ್ ಗೈಡ್' ಅಂತ ಒಂದು ಕೈಪಿಡಿ ಇದೆ. ಅದರ ಪ್ರಕಾರ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಹುದು. ಹೊರಹೋಗಲು ಇರುವ ಸಮಯ 8 ನಿಮಿಷ. 35,000 ಜನಕ್ಕೆ ಒಟ್ಟು 53 ಮೀಟರ್ ಅಗಲದ ದಾರಿಗಳು ಬೇಕು, 80,000ಕ್ಕೆ 122 ಮೀಟರ್. ಇಷ್ಟು ಜಾಗ ಸಿಟಿ ನಡುವೆ ಎಲ್ಲಿಂದ ತರೋದು? ಹೊರವಲಯದ ಪರವಾಗಿ ಇರೋ ಗಟ್ಟಿ ವಾದ ಇದೇ.

ಆದರೆ ಅವತ್ತು ಜನ ಸತ್ತದ್ದು ಹೊರಬರುವಾಗ ಅಲ್ಲ, ಒಳಹೋಗುವ ನೂಕುನುಗ್ಗಲಿನಲ್ಲಿ. ಸೀಟಿಗಿಂತ ಎಷ್ಟೋ ಪಟ್ಟು ಜನ ಸೇರಿದ್ದರು. ಹಂಗ ಸೇರಿದರೆ ಈ ಸೂತ್ರ ಯಾವ ಊರಿನಲ್ಲೂ ಕೆಲಸ ಮಾಡಲ್ಲ.

ಇನ್ನು ಗೇಟು ದಾಟಿದ ಮೇಲಿನ ಮಾತು. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಮೂರನೇ ಸ್ಟೇಷನ್ನೇ ಕಬ್ಬನ್ ಪಾರ್ಕ್, ಇಳಿದರೆ ಚಿನ್ನಸ್ವಾಮಿ. ಬೊಮ್ಮಸಂದ್ರಕ್ಕೆ ಹೋಗಬೇಕಂದ್ರೆ ಆರ್.ವಿ. ರೋಡಿನಲ್ಲಿ ಇಳಿದು ಹಳದಿ ಮಾರ್ಗ ಹಿಡಿದು ಕೊನೆಯವರೆಗೆ ಕೂತಿರಬೇಕು. 80,000 ಜನರಲ್ಲಿ ಅರ್ಧದಷ್ಟು ಬಸ್ಸಿಗೆ ಬಂದರೂ, ಬಸ್ಸಿಗೆ 50ರಂತೆ 800 ಬಸ್. 12 ಮೀಟರ್ ಉದ್ದದ ಬಸ್ಸುಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ 9.6 ಕಿ.ಮೀ. ಸಾಲು! ಕಾರುಗಳ ಲೆಕ್ಕ ಬೇಡವೇ ಬೇಡ. ಹೊರಗೆ ಕಟ್ಟೋದಾದರೆ ಮೊದಲು ರೈಲು, ಆಮೇಲೆ ಸ್ಟೇಡಿಯಂ ಅನ್ನೋದು ನಮ್ಮ ಅಭಿಪ್ರಾಯ.

ಹುಬ್ಬಳ್ಳಿಯ ರಾಜನಗರ ಮೈದಾನ ಸಿಟಿಯೊಳಗೇ ಇದೆ. ಒಂದು ಶನಿವಾರ ಅಲ್ಲಿ ಮ್ಯಾಚ್ ನೋಡಿ ಹಂಗೇ ಊರಿಗೆ ಹೋಗೋಣ ಅಂತ ಮೂವರೂ ಹೋಗಿದ್ವಿ. ನರಗುಂದದವ ಆರಾಮ ಕೂತಿದ್ದ, ಅವನಿಗೆ ನೇರ ಬಸ್. ಗಜೇಂದ್ರಗಡದವ ಮಾತ್ರ ಟೀ ಬ್ರೇಕಿಗೇ ಬ್ಯಾಗ್ ಹೆಗಲಿಗೇರಿಸಿದ. "ಗದಗಿನ ಮಟಾ ಬಸ್ ಸಿಗ್ತಾವಲೇ, ಅಲ್ಲಿಂದ ಮುಂದ?" ಅಂದ. ರೋಣದವನೂ ಅವನ ಹಿಂದೇ ಎದ್ದ.