ನೆಟ್ಟನೆಯ ನಿಲುವು, ಅಳುಕದ ಮನಸ್ಸು

ಪದವಿಯಲ್ಲಿ ಉತ್ತಮ ಅಂಕ ಗಳಿಸಿದ ಗ್ರಾಮೀಣ ಯುವಕನೊಬ್ಬ ಸಂದರ್ಶನದ ಕೊಠಡಿಯನ್ನು ಪ್ರವೇಶಿಸುತ್ತಾನೆ. ಕೇಳುವ ಪ್ರಶ್ನೆಗಳಿಗೆ ಉತ್ತರ ಅವನಿಗೆ ತಿಳಿದಿದೆ. ಆದರೆ ಭುಜಗಳು ಮುಂದಕ್ಕೆ ಕುಸಿದಿವೆ, ದೃಷ್ಟಿ ನೆಲದ ಮೇಲಿದೆ, ಕುರ್ಚಿಯ ಅಂಚಿನಲ್ಲಿ ಮುದುಡಿ ಕುಳಿತವನ ಧ್ವನಿ ಗಂಟಲಿನಿಂದ ಹೊರಬರುತ್ತಿಲ್ಲ. ಹೊರಗೆ ಬಂದ ಮೇಲೆ ‘ಗೊತ್ತಿದ್ದರೂ ಹೇಳಲಾಗಲಿಲ್ಲ’ ಎಂದು ನೊಂದುಕೊಳ್ಳುತ್ತಾನೆ. ಇಂತಹ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ, ನಮ್ಮ ಪ್ರಸಾದನಿಲಯಗಳಲ್ಲಿದ್ದಾರೆ. ಇವರಲ್ಲಿರುವ ಕೊರತೆ ಜ್ಞಾನದ್ದಲ್ಲ. ತಾನು ಈ ಜಾಗದಲ್ಲಿ ನಿಲ್ಲಲು ಅರ್ಹನು ಎಂಬ ಭಾವ ಇವರ ದೇಹಕ್ಕೆ ಇನ್ನೂ ಒಗ್ಗಿಲ್ಲ.

ಮನಸ್ಸು ಕುಗ್ಗಿದಾಗ ದೇಹವೂ ಕುಗ್ಗುವುದನ್ನು ನಾವೆಲ್ಲರೂ ಬಲ್ಲೆವು. ದೇಹವನ್ನು ಸದಾ ಕುಗ್ಗಿಸಿಕೊಂಡಿದ್ದರೆ ಮನಸ್ಸೂ ಅದನ್ನೇ ಅನುಸರಿಸುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬೆನ್ನು ಬಾಗಿಸಿ ಕುಳಿತಾಗ ಎದೆಗೂಡು ಇಕ್ಕಟ್ಟಾಗುತ್ತದೆ, ವಪೆಗೆ ಕೆಳಗಿಳಿಯಲು ಸ್ಥಳ ಸಾಲದಾಗುತ್ತದೆ. ಉಸಿರು ಮೇಲುಮೇಲಿನದಾಗುತ್ತದೆ. ಉಸಿರು ಚಿಕ್ಕದಾದಾಗ ಧ್ವನಿ ಕ್ಷೀಣಿಸುತ್ತದೆ. ತನ್ನ ಧ್ವನಿಯೇ ನಡುಗುವುದನ್ನು ಕೇಳಿದವನ ಅಳುಕು ಇಮ್ಮಡಿಯಾಗುತ್ತದೆ. ನೆಟ್ಟಗೆ ಕುಳಿತವನ ಉಸಿರು ಆಳವಾಗಿ, ನಿಧಾನವಾಗಿ ಸಾಗುತ್ತದೆ; ಮಾತು ತಡವರಿಸದೆ ಹೊರಬರುತ್ತದೆ.

ದೇಹವನ್ನೇ ದೇವಾಲಯವೆಂದು ಭಾವಿಸಿದ ಪರಂಪರೆ ನಮ್ಮದು. ಇಷ್ಟಲಿಂಗ ಪೂಜೆಗೆ ಕುಳಿತಾಗ ನಾವು ಏನು ಮಾಡುತ್ತೇವೆ ಎಂಬುದನ್ನೊಮ್ಮೆ ಸ್ಮರಿಸೋಣ. ಸ್ಥಿರವಾದ ಆಸನದಲ್ಲಿ ಬೆನ್ನು, ಕೊರಳು, ಶಿರಸ್ಸುಗಳನ್ನು ಒಂದೇ ನೇರದಲ್ಲಿರಿಸುತ್ತೇವೆ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು, ಅದರಲ್ಲಿ ದೃಷ್ಟಿಯನ್ನು ನೆಲೆಗೊಳಿಸುತ್ತೇವೆ. ಕೈ ನಡುಗಬಾರದು, ಕಣ್ಣು ಅಲೆಯಬಾರದು, ಉಸಿರು ಅವಸರಪಡಬಾರದು. ಬಾಲ್ಯದಲ್ಲಿ ದೀಕ್ಷೆ ಪಡೆದ ಮಗುವಿಗೆ ಈ ಪೂಜೆಯು ಭಕ್ತಿಯನ್ನು ಕಲಿಸುವುದರ ಜೊತೆಗೆ ಅಚಲವಾಗಿ ಕುಳಿತುಕೊಳ್ಳುವುದನ್ನೂ ಕಲಿಸುತ್ತದೆ. ಲಿಂಗೈಕ್ಯರಾದವರನ್ನು ನಾವು ಕುಳಿತ ಭಂಗಿಯಲ್ಲಿಯೇ ಸಮಾಧಿ ಮಾಡುತ್ತೇವೆ. ಅಂತಿಮ ಯಾತ್ರೆಯಲ್ಲಿಯೂ ದೇಹವನ್ನು ಪೂಜಾಭಂಗಿಯಲ್ಲಿರಿಸಿ ಗೌರವಿಸುವ ಸಮಾಜದ ಮಕ್ಕಳು ಬದುಕಿರುವಾಗ ತಲೆ ತಗ್ಗಿಸಿ, ಮೈ ಮುದುಡಿ ನಿಲ್ಲುವುದು ತರವೇ?

ಈ ಪ್ರಶ್ನೆಗೆ ಸಾಮಾಜಿಕ ಹಿನ್ನೆಲೆಯೂ ಇದೆ. 12ನೆಯ ಶತಮಾನದ ಸಮಾಜದಲ್ಲಿ ಯಾರು ಕುಳಿತಿರಬೇಕು, ಯಾರು ನಿಂತಿರಬೇಕು, ಯಾರು ದೂರದಲ್ಲಿ ಬಾಗಿರಬೇಕು ಎಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು. ಬಸವಾದಿ ಶರಣರು ಈ ಕಟ್ಟಳೆಯನ್ನು ಮುರಿದರು. ಸಮಗಾರ ಹರಳಯ್ಯನವರು, ಅಂಬಿಗರ ಚೌಡಯ್ಯನವರು, ಮಡಿವಾಳ ಮಾಚಿದೇವರು ಕಲ್ಯಾಣದ ಶರಣ ಸಮುದಾಯದಲ್ಲಿ ಸಮಾನ ಗೌರವಕ್ಕೆ ಪಾತ್ರರಾದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಆಯ್ದಕ್ಕಿ ಲಕ್ಕಮ್ಮನವರು ನೇರವಾಗಿ ಪ್ರಶ್ನಿಸಿ, ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದರು. ಶರಣ ಚಳವಳಿಯು ವಿಚಾರಗಳನ್ನು ಬದಲಿಸಿತು. ಜೊತೆಗೆ ತಲೆತಲಾಂತರದಿಂದ ಬಾಗಿದ್ದ ಬೆನ್ನುಗಳನ್ನು ನೆಟ್ಟಗೆ ಮಾಡಿತು.

‘ಎದೆ ಸೆಟೆಸಿ ನಿಂತರೆ ಅಹಂಕಾರವಾಗದೇ? ಹಿರಿಯರ ಮುಂದೆ ತಲೆ ಬಾಗಬೇಡವೇ?’ ಎಂದು ಕೆಲವರು ಕೇಳಬಹುದು. ನಮ್ಮ ಪಂಚಾಚಾರಗಳಲ್ಲಿಯೇ ಇದಕ್ಕೆ ಉತ್ತರವಿದೆ. ಅನ್ಯಾಯದ ಎದುರು ಅಳುಕದೆ ನಿಲ್ಲುವುದನ್ನು ಗಣಾಚಾರ ಕಲಿಸುತ್ತದೆ. ಶರಣರಿಗಿಂತ ತಾನು ಕಿರಿಯನೆಂಬ ವಿನಯವನ್ನು ಭೃತ್ಯಾಚಾರ ಕಲಿಸುತ್ತದೆ. ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ನೆಲೆಸಬೇಕಾದ ಆಚಾರಗಳು. ಭಯದಿಂದ ಬಾಗಿದವನಿಗೆ ಬಾಗದೇ ಬೇರೆ ದಾರಿಯಿಲ್ಲ. ನೆಟ್ಟಗೆ ನಿಲ್ಲಬಲ್ಲವನು ಪ್ರೀತಿಯಿಂದ ಬಾಗಿದಾಗ ಮಾತ್ರ ಅದು ವಿನಯವೆನಿಸುತ್ತದೆ. ‘ಶರಣು ಶರಣಾರ್ಥಿ’ ಎಂದು ಇಬ್ಬರೂ ಪರಸ್ಪರ ಕೈಮುಗಿದಾಗ ಅಲ್ಲಿ ಮೇಲಿನವನೂ ಇಲ್ಲ, ಕೆಳಗಿನವನೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ಗದರುವುದು, ಬೆರಳು ತೋರಿಸಿ ಮಾತನಾಡುವುದು, ಎದುರಿನವರು ಮಾತನಾಡುವಾಗ ಬೇರೆಡೆ ನೋಡುವುದು ದರ್ಪದ ಲಕ್ಷಣಗಳು. ಆತ್ಮವಿಶ್ವಾಸವಿರುವವನಿಗೆ ಇವುಗಳ ಅಗತ್ಯವಿಲ್ಲ.

ಆಧುನಿಕ ಮನೋವಿಜ್ಞಾನವೂ ಈ ವಿಷಯವನ್ನು ಪರಿಶೀಲಿಸಿದೆ. 2010ರಲ್ಲಿ ಅಮೆರಿಕದ ಡಾನಾ ಕಾರ್ನಿ, ಏಮಿ ಕಡ್ಡಿ ಮತ್ತು ಆ್ಯಂಡಿ ಯಾಪ್ ಅವರು 42 ಜನರ ಮೇಲೆ ನಡೆಸಿದ ಪ್ರಯೋಗವು, ಕೆಲವೇ ನಿಮಿಷ ಮೈ ಬಿಚ್ಚಿ ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಎಂದು ಸಾರಿತು. ಅದು ಜಗತ್ತಿನಾದ್ಯಂತ ಜನಪ್ರಿಯವಾಯಿತು. ಆದರೆ 2015ರಲ್ಲಿ 200 ಜನರೊಂದಿಗೆ ನಡೆದ ಮರುಪರೀಕ್ಷೆಯಲ್ಲಿ ಹಾರ್ಮೋನುಗಳ ಬದಲಾವಣೆ ಕಂಡುಬರಲಿಲ್ಲ; ತಮ್ಮಲ್ಲಿ ಬಲವಿದೆ ಎಂಬ ಅನಿಸಿಕೆ ಮಾತ್ರ ಹೆಚ್ಚಾಗಿತ್ತು. ಮೊದಲ ಪ್ರಯೋಗ ನಡೆಸಿದ ಕಾರ್ನಿ ಅವರೇ 2016ರಲ್ಲಿ ತಮಗೆ ಆ ಪರಿಣಾಮದಲ್ಲಿ ನಂಬಿಕೆ ಉಳಿದಿಲ್ಲವೆಂದು ಬಹಿರಂಗವಾಗಿ ತಿಳಿಸಿದರು. ಆದ್ದರಿಂದ ಎರಡು ನಿಮಿಷದ ಭಂಗಿಯು ಪವಾಡ ಮಾಡುತ್ತದೆಂದು ನಾವು ಹೇಳುವುದಿಲ್ಲ. ಓದದವನು ಎಷ್ಟು ನೆಟ್ಟಗೆ ಕುಳಿತರೂ ಉತ್ತರ ಹೊಳೆಯದು. ಭಂಗಿಯು ಕಾಯಕಕ್ಕೆ ಪರ್ಯಾಯವಲ್ಲ. ಕಾಯಕದಿಂದ ಗಳಿಸಿದ್ದು ಹೊರಬರಲು ಅದು ಬಾಗಿಲು ತೆರೆಯುತ್ತದೆ.

ಈ ಅಭ್ಯಾಸವನ್ನು ನಿತ್ಯಜೀವನದಲ್ಲಿ ಹೇಗೆ ರೂಢಿಸಿಕೊಳ್ಳಬೇಕು? ಪೂಜೆ ಮುಗಿದೊಡನೆ ಎದ್ದು ಹೋಗದೆ ಐದು ನಿಮಿಷ ಅದೇ ಭಂಗಿಯಲ್ಲಿ ಉಸಿರನ್ನು ಗಮನಿಸುತ್ತಾ ಕುಳಿತಿರಿ. ಆ ಸ್ಥಿರತೆಯನ್ನು ದೇಹ ನೆನಪಿಟ್ಟುಕೊಳ್ಳಲಿ. ನಿಂತಾಗ ಭಾರವು ಎರಡೂ ಪಾದಗಳ ಮೇಲೆ ಸಮನಾಗಿರಲಿ. ಭುಜಗಳನ್ನು ಸೆಟೆಸದೆ ಸಡಿಲವಾಗಿ ಹಿಂದಕ್ಕೆ ಬಿಡಿ. ಮಾತನಾಡುವಾಗ ಎದುರಿನವರ ಮುಖವನ್ನು ಸೌಮ್ಯವಾಗಿ ನೋಡಿ. ಕೈಗಳನ್ನು ಬಚ್ಚಿಡಬೇಡಿ, ಕಟ್ಟಿಕೊಳ್ಳಬೇಡಿ. ಮೊದಲ ಮಾತಿಗೆ ಮುನ್ನ ಒಂದು ಪೂರ್ಣ ಉಸಿರು ತೆಗೆದುಕೊಳ್ಳಿ. ಮೊಬೈಲ್ ನೋಡುವಾಗ ಕೊರಳು ಬಾಗಿಸುವ ಬದಲು ಮೊಬೈಲನ್ನೇ ಮೇಲಕ್ಕೆತ್ತಿ. ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಅದನ್ನು 60 ಡಿಗ್ರಿ ಬಾಗಿಸಿದಾಗ ಕೊರಳಿನ ಮೇಲೆ ಸುಮಾರು 27 ಕಿಲೋದಷ್ಟು ಭಾರ ಬೀಳುತ್ತದೆಂದು 2014ರಲ್ಲಿ ಪ್ರಕಟವಾದ ವೈದ್ಯಕೀಯ ಲೆಕ್ಕಾಚಾರವೊಂದು ತೋರಿಸಿದೆ. ಬೆನ್ನುನೋವು ಇರುವವರು ವೈದ್ಯರ ಸಲಹೆ ಪಡೆಯುವುದು ಒಳಿತು.

ತಂದೆತಾಯಿಯರಲ್ಲಿ ನಮ್ಮ ವಿಶೇಷ ವಿನಂತಿಯೊಂದಿದೆ. ಬೆಳೆಯುತ್ತಿರುವ ಹೆಣ್ಣುಮಕ್ಕಳಿಗೆ ‘ತಲೆ ತಗ್ಗಿಸಿ ನಡೆ, ಮೆಲ್ಲಗೆ ಮಾತನಾಡು’ ಎಂದು ದಿನವೂ ಹೇಳಿ, ಮುಂದೊಂದು ದಿನ ‘ನಿನಗೇಕೆ ಧೈರ್ಯವಿಲ್ಲ?’ ಎಂದು ಕೇಳಿದರೆ ನ್ಯಾಯವಾಗದು. ಸ್ತ್ರೀಯರಿಗೂ ಇಷ್ಟಲಿಂಗವನ್ನು ಕೊಟ್ಟ ಧರ್ಮ ನಮ್ಮದು. ಅಂಗೈಯಲ್ಲಿ ಲಿಂಗವನ್ನು ಹಿಡಿದ ಮಗಳು ಕಣ್ಣೆತ್ತಿ ನೋಡಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ನೆಟ್ಟನೆಯ ನಿಲುವೆಂದರೆ ಕೇವಲ ಬೆನ್ನುಮೂಳೆಯ ಆಕಾರವಲ್ಲ. ಸಿದ್ಧಗಂಗೆಯ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದರು. ಇಳಿವಯಸ್ಸಿನಲ್ಲಿ ಅವರ ಬೆನ್ನು ಬಾಗಿತ್ತು. ಆದರೂ ಅವರೆದುರು ನಿಂತವರು ಕಂಡದ್ದು ಅಚಲವಾದ ಚೈತನ್ಯವನ್ನು. ಹೊಲದ ದುಡಿಮೆಯಿಂದ ಬಾಗಿದ ಅಜ್ಜಿಯ ಬೆನ್ನಾಗಲಿ, ಗಾಲಿಕುರ್ಚಿಯಲ್ಲಿ ಕುಳಿತ ವಿದ್ಯಾರ್ಥಿಯ ದೇಹವಾಗಲಿ ಯಾವ ಕೊರತೆಯನ್ನೂ ಸೂಚಿಸುವುದಿಲ್ಲ. ಅವರವರ ದೇಹಕ್ಕೆ ಸಾಧ್ಯವಾದ ಸ್ಥಿರತೆಯೇ ಅವರ ನಿಲುವು.

ಮುಂದಿನ ಬಾರಿ ಆ ಯುವಕ ಸಂದರ್ಶನದ ಕೊಠಡಿಯ ಬಾಗಿಲಲ್ಲಿ ನಿಂತಾಗ, ಬೆಳಗಿನ ಪೂಜೆಯಲ್ಲಿ ತಾನು ಕುಳಿತಿದ್ದ ಬಗೆಯನ್ನು ಕ್ಷಣಕಾಲ ನೆನಪಿಸಿಕೊಳ್ಳಲಿ. ಅದೇ ಬೆನ್ನು, ಅದೇ ಉಸಿರು, ಅದೇ ದೃಷ್ಟಿ ಅವನ ಜೊತೆಗಿವೆ. ಲಿಂಗದ ಮುಂದೆ ನೆಟ್ಟಗೆ ಕುಳಿತವನು ಮನುಷ್ಯರ ಮುಂದೆ ಅಂಜಬೇಕಾದ ಕಾರಣವಿಲ್ಲ.