ಬಿಡಾರ ಎಲ್ಲಿ ಹೂಡುವುದು? ಭಟ್ಕಳವೋ, ಹೊನ್ನಾವರವೋ, ಕುಮಟೆಯೋ?

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಕರಾವಳಿ ಹೆದ್ದಾರಿಯ ಮೇಲೆ ಒಂದು ಥರದ ಲಾರಿ ಕಾಣಿಸಿಕೊಳ್ಳುತ್ತದೆ. ಮೇಲೆ ಮಂಚ, ಅದರ ಮೇಲೆ ಸುರುಳಿ ಸುತ್ತಿದ ಹಾಸಿಗೆ, ಒಂದು ಕಬ್ಬಿಣದ ಕಪಾಟು, ಮಕ್ಕಳ ಸೈಕಲ್ಲು, ಕಟ್ಟಕಡೆಗೆ ಹಗ್ಗದಲ್ಲಿ ಬಿಗಿದ ತುಳಸಿ ಕುಂಡ. ನೋಡಿದವರಿಗೆ ಕೇಳಬೇಕಾಗಿಯೇ ಇಲ್ಲ. ಯಾರಿಗೋ ವರ್ಗವಾಗಿದೆ.

ಬ್ಯಾಂಕಿನವರು, ಮೇಷ್ಟ್ರು, ಪೊಲೀಸರು, ಕಂದಾಯದವರು, ರಸ್ತೆ ಕೆಲಸದ ಇಂಜಿನಿಯರರು ಎಲ್ಲರೂ ಬಂದಿಳಿದ ಕೂಡಲೇ ಬಸ್ ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಮನೆ ಎಲ್ಲಿ ಮಾಡುದು ಒಳ್ಳೇದು, ಮಾರಾಯ್ರೆ?"

ಉತ್ತರವೂ ಸಿದ್ಧವಾಗಿರುತ್ತದೆ. ಭಟ್ಕಳದವ ಭಟ್ಕಳ ಅನ್ನುತ್ತಾನೆ, ಕುಮಟೆಯವ ಕುಮಟೆ ಅನ್ನುತ್ತಾನೆ. ಹೊನ್ನಾವರದವ ಮಾತ್ರ ನಕ್ಕು, "ನಡು ಊರಲ್ಲಿ ಕೂತ್ಕೊಳ್ಳಿ, ಎರಡೂ ಕಡೆ ಬಸ್ಸುಂಟು" ಅನ್ನುತ್ತಾನೆ. ಮೂವರ ಮಾತಿನಲ್ಲೂ ಸತ್ಯವಿದೆ. ಆದರೆ ಯಾರ ಮಾತಿನಲ್ಲೂ ಬಂದವರ ಮನೆಯ ಲೆಕ್ಕ ಇಲ್ಲ.

ಒಂದು ಉದಾಹರಣೆ ಹಿಡಿಯೋಣ. ಧಾರವಾಡ ಕಡೆಯ ಒಬ್ಬ ನೌಕರ. ಭಟ್ಕಳದ ಕಚೇರಿಗೆ ವರ್ಗ. ಮೂರು ವರ್ಷದ ಮಾತು. ಮನೆಯಲ್ಲಿ ಹೆಂಡತಿ, ಒಂಬತ್ತನೆಯ ತರಗತಿಗೆ ಹೋಗುವ ಮಗಳು, ನಾಲ್ಕನೆಯ ತರಗತಿಯ ಮಗ, ಹೃದಯದ ಗುಳಿಗೆ ನುಂಗುವ ತಾಯಿ. ಆರ್ಡರು ಬಂದದ್ದು ಒಬ್ಬರ ಹೆಸರಿಗೆ, ಊರು ಬದಲಾಗುವುದು ಐದು ಜನರಿಗೆ. ಈ ಐದು ಜನರನ್ನು ಮುಂದಿಟ್ಟುಕೊಂಡು ಮೂರೂ ಊರನ್ನು ತೂಗಿ ನೋಡಬೇಕು.

ಕಿಲೋಮೀಟರಿನ ಲೆಕ್ಕ

ಭಟ್ಕಳದಿಂದ ಹೊನ್ನಾವರ ಸುಮಾರು 40 ಕಿಲೋಮೀಟರು, ಹೊನ್ನಾವರದಿಂದ ಕುಮಟೆ ಸುಮಾರು 20. ಮೂರೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಇವೆ. ಹಳಬರ ಬಾಯಲ್ಲಿ ಅದು ಇವತ್ತಿಗೂ ಹದಿನೇಳೇ.

ಹೊನ್ನಾವರದಲ್ಲಿ ಮನೆ ಮಾಡಿ ಭಟ್ಕಳಕ್ಕೆ ಓಡಾಡಿದರೆ ಹೋಗಲು ಒಂದು ತಾಸು, ಬರಲು ಒಂದು ತಾಸು. ತಿಂಗಳಿಗೆ 25 ದಿನ ಕೆಲಸವೆಂದರೆ 50 ತಾಸು ಬಸ್ಸಿನಲ್ಲೇ ಹೋಯಿತು. ಕುಮಟೆಯಿಂದ ಓಡಾಡಿದರೆ ಇನ್ನೂ ಹೆಚ್ಚು. ಬಸ್ಸು ತಪ್ಪಿದ್ದು, ಟೆಂಪೋದವ ತುಂಬುವ ತನಕ ಕಾಯಿಸಿದ್ದು ಈ ಲೆಕ್ಕದಲ್ಲಿ ಸೇರಿಲ್ಲ. ದಿನಾ ಓಡಾಡುವವರಿಗೆ ಇದು ಹೊಸ ವಿಷಯವಲ್ಲ. ಹೊಸಬರಿಗೆ ಮಾತ್ರ ಮೊದಲ ತಿಂಗಳು ಎಲ್ಲವೂ ಹತ್ತಿರವೇ ಕಾಣುತ್ತದೆ.

ಕೆಲಸ ಹೆಂಡತಿಯದಾದರೆ ಲೆಕ್ಕ ಸ್ವಲ್ಪ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ದುಡ್ಡು ಉಳಿಯುತ್ತದೆ ನಿಜ. ತಾಸು ಉಳಿಯುವುದಿಲ್ಲ. ಸ್ವಂತ ಕಾರಿನವರು ಇನ್ನೊಂದು ನೆನಪಿಡಬೇಕು: ಹೊನ್ನಾವರ ಮತ್ತು ಕುಮಟೆಯ ನಡುವೆ ಹೊಳೆಗದ್ದೆಯಲ್ಲಿ ಟೋಲ್ ಗೇಟು ಇದೆ.

ಭಟ್ಕಳ

ದೂರದ ಊರಿನವರು ಭಟ್ಕಳದ ಹೆಸರು ಕೇಳಿಯೇ "ಅಲ್ಲಿ ಸಂಸಾರ ಬೇಡಪ್ಪ" ಅನ್ನುವುದುಂಟು. 1993ರ ಗಲಭೆ ನಡೆದದ್ದು ಸುಳ್ಳಲ್ಲ, ಊರಿನವರು ಅದನ್ನು ಮರೆತೂ ಇಲ್ಲ. ಆದರೆ ಅದೇ ಊರಿನಲ್ಲಿ ಬೆಳಿಗ್ಗೆ ಮೀನಿನ ಮಾರ್ಕೆಟ್ಟಿನಲ್ಲಿ ಎಲ್ಲ ಜಾತಿಯವರೂ ಒಂದೇ ಬುಟ್ಟಿಯ ಮುಂದೆ ನಿಂತು ಬಂಗಡೆಗೆ ಚೌಕಾಶಿ ಮಾಡುತ್ತಾರೆ, ಮಲ್ಲಿಗೆ ಮಾಲೆ ಎಲ್ಲ ಮನೆಗೂ ಹೋಗುತ್ತದೆ. ಹೆಸರು ಕೇಳಿ ಹೆದರುವ ಬದಲು, ಐದಾರು ವರ್ಷದ ಹಿಂದೆ ಹೊರಗಿನಿಂದ ಬಂದು ಅಲ್ಲೇ ಇರುವ ಮನೆಯವರನ್ನು ಕೇಳಿದರೆ ನಿಜ ತಿಳಿಯುತ್ತದೆ.

ಗಲ್ಫ್ ದುಡಿಮೆಯ ಹಣ ಓಡಾಡುವ ಪೇಟೆ. ಓಣಿಯಲ್ಲಿ ನವಾಯತಿ, ಕೊಂಕಣಿ, ಉರ್ದು, ಕನ್ನಡ ನಾಲ್ಕೂ ಕೇಳುತ್ತವೆ. ಸಹಾಯಕ ಕಮಿಷನರರ ಕಚೇರಿ ಇಲ್ಲಿದೆ, ಹೊನ್ನಾವರ ತಾಲೂಕೂ ಇದೇ ಉಪವಿಭಾಗಕ್ಕೆ ಸೇರಿದ್ದು. 1919ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆಯ ಶಾಲೆಗಳಿಂದ ಇಂಜಿನಿಯರಿಂಗ್ ಕಾಲೇಜಿನವರೆಗೆ ಓದಿಗೆ ದಾರಿ ಇದೆ. ಬೇರೆ ಆಡಳಿತ ಮಂಡಳಿಗಳ ಕನ್ನಡ, ಇಂಗ್ಲಿಷ್ ಶಾಲೆಗಳೂ ಇವೆ. ಮುರ್ಡೇಶ್ವರವೂ ಇದೇ ತಾಲೂಕು. ಭಾನುವಾರ ಮಕ್ಕಳನ್ನು ಸಮುದ್ರ ತೋರಿಸಲು ಕರೆದೊಯ್ದು ಸಂಜೆಗೆ ವಾಪಸಾಗಬಹುದು.

ಹೊನ್ನಾವರ

ಶರಾವತಿ ಕಡಲು ಸೇರುವ ಊರು. ಮೂರರಲ್ಲಿ ಸಣ್ಣದು, ನಡೆದೇ ಪೇಟೆ ಮುಗಿಸಬಹುದು. ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ವರ್ಗವಾಗಿ ಬಂದವರ ಸಾಮಾನೂ ದೋಣಿ ಹತ್ತಿಯೇ ದಾಟಬೇಕಿತ್ತು. ಈಗ ಹೆದ್ದಾರಿ ಸೇತುವೆ ಇದೆ, ಪಕ್ಕಕ್ಕೆ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯೂ ಇದೆ.

ತಾತ್ಕಾಲಿಕ ಬಿಡಾರ ಈ ಊರಿಗೆ ಹೊಸದಲ್ಲ. 1990ರ ದಶಕದಲ್ಲಿ ರೈಲು ಹಳಿಯ ಕೆಲಸ, ಆಮೇಲೆ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟಿನ ಟೇಲರೇಸ್ ಯೋಜನೆ, ಆಮೇಲೆ ನಾಲ್ಕು ಪಥದ ರಸ್ತೆ. ಪ್ರತಿ ಕೆಲಸದ ಹಿಂದೆಯೂ ಸಂಸಾರಗಳು ಬಂದವು, ಹೋದವು. ಎಸ್.ಡಿ.ಎಂ. ಕಾಲೇಜು, ಸೇಂಟ್ ಥಾಮಸ್ ಹೈಸ್ಕೂಲು ಓದಿಗೆ ಹೆಸರಾದವು. ಸಾಗರ, ಶಿವಮೊಗ್ಗ ಕಡೆಯವರಿಗೆ ಇದೇ ಹತ್ತಿರದ ಊರು. ಗೇರುಸೊಪ್ಪೆ ಘಟ್ಟ ಹತ್ತಿದರೆ ಸೀಮೆ ಸೇರಿದ ಹಾಗೆ.

ಗಂಡನಿಗೆ ಭಟ್ಕಳದಲ್ಲಿ, ಹೆಂಡತಿಗೆ ಕುಮಟೆಯಲ್ಲಿ ನೌಕರಿ ಇದ್ದವರಿಗೆ ಹೊನ್ನಾವರ ಬಿಟ್ಟರೆ ಬೇರೆ ಗತಿಯಿಲ್ಲ. ಒಬ್ಬರಿಗೇ ನೌಕರಿ ಇದ್ದರೆ, "ನಡು ಊರು" ಎಂಬ ಒಂದೇ ಕಾರಣಕ್ಕೆ ಅಲ್ಲಿ ಕೂತು ಯಾರಿಗೂ ಹತ್ತಿರವಿಲ್ಲದಂತೆ ಆಗಬಾರದು.

ಕುಮಟಾ

ಕುಮಟೆ ಓದಿನ ಊರು ಎಂದು ಹಿಂದಿನಿಂದ ಹೆಸರು. ಈಗಿನ ಡಾ. ಎ.ವಿ. ಬಾಳಿಗಾ ಕಾಲೇಜು 1949ರಷ್ಟು ಹಿಂದೆ ಕೆನರಾ ಕಾಲೇಜು ಎಂದು ಶುರುವಾದದ್ದು. ಗಿಬ್ ಹೈಸ್ಕೂಲು ಅದಕ್ಕಿಂತ ಹಳೆಯದು. ಮಕ್ಕಳಿಗೆ ಪಿಯುಸಿ, ಡಿಗ್ರಿ ಹತ್ತಿರ ಬಂದಿದ್ದರೆ ಈ ಊರಿನ ಕಡೆ ಮನಸ್ಸು ಎಳೆಯುವುದು ಸಹಜ. ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ ಒಂದು ಸಲ ಮನೆಗೆ ಬಂದರೆ, ಬಯಲುಸೀಮೆಯವರು ಊರಿಗೆ ಹೋಗುವಾಗ ಅದನ್ನೇ ಕಟ್ಟಿಕೊಂಡು ಹೋಗುತ್ತಾರೆ.

ಶಿರಸಿ, ಹುಬ್ಬಳ್ಳಿ ಕಡೆಯವರಿಗೆ ದೇವಿಮನೆ ಘಟ್ಟದ ದಾರಿ ಹತ್ತಿರದ್ದು. ಶಿರಸಿ ಇಲ್ಲಿಂದ ಸುಮಾರು 60 ಕಿಲೋಮೀಟರು. ನಮ್ಮ ಉದಾಹರಣೆಯ ಧಾರವಾಡದವರಿಗೆ ಮನೆ ಕಡೆ ಹೋಗಿಬರಲು ಕುಮಟೆಯೇ ಅನುಕೂಲ. ಆದರೆ ಊರಿಗೆ ಹೋಗುವುದು ವರ್ಷಕ್ಕೆ ನಾಲ್ಕು ಸಲ, ಕಚೇರಿಗೆ ಹೋಗುವುದು ದಿನಾ.

ಮೇ ತಿಂಗಳ ಬಾವಿ, ಜುಲೈ ತಿಂಗಳ ಮಾಡು

ಇಲ್ಲಿ ಮನೆಯನ್ನು ಡಿಸೆಂಬರಿನಲ್ಲಿ ನೋಡಿ ಒಪ್ಪಿಕೊಂಡವರು ಎರಡು ಸಲ ಅಳುತ್ತಾರೆ. ಮೇ ತಿಂಗಳಲ್ಲಿ ಬಾವಿ ನೋಡಿ ಒಂದು ಸಲ, ಜುಲೈ ತಿಂಗಳಲ್ಲಿ ಮಾಡು ನೋಡಿ ಇನ್ನೊಂದು ಸಲ.

ಹೊಳೆ, ಕಡಲು ಹತ್ತಿರದ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಕುಮಟೆ, ಹೊನ್ನಾವರ ಪಟ್ಟಣಕ್ಕೆ ಅಘನಾಶಿನಿಯ ಮರಾಕಲ್ ಯೋಜನೆಯ ನೀರು, ಭಟ್ಕಳಕ್ಕೆ ಕಡವಿನಕಟ್ಟೆಯ ನೀರು. ಮನೆ ನೋಡಲು ಹೋದವರು ನಲ್ಲಿ ಇದೆಯಾ ಎಂದು ಕೇಳಿದರೆ ಸಾಲದು. ಏಪ್ರಿಲಿನಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ಪಕ್ಕದ ಮನೆಯವರನ್ನು ಕೇಳಬೇಕು. ಬಾವಿಯಿಂದ ಒಂದು ಕೊಡ ಸೇದಿ ಬಾಯಿಗೆ ಹಾಕಿ ನೋಡಿದರೂ ತಪ್ಪಿಲ್ಲ.

ಮಳೆಯದು ಇನ್ನೂ ದೊಡ್ಡ ಮಾತು. 2022ರ ಆಗಸ್ಟ್ ಮೊದಲ ವಾರ ಒಂದೇ ರಾತ್ರಿಯ ಮಳೆಗೆ ಭಟ್ಕಳದ ಪೇಟೆ ಮುಳುಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ಹೋದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿದು ಜೀವಗಳು ಹೋದವು, ಕುಮಟೆಯಿಂದ ಕಾರವಾರಕ್ಕೆ ಓಡಾಡುವವರ ದಾರಿ ಎಷ್ಟೋ ದಿನ ಕಟ್ಟಿತು. ಶರಾವತಿ ದಂಡೆಯಲ್ಲಿ ಗೇರುಸೊಪ್ಪೆಯ ಗೇಟು ತೆಗೆದರೆಂದರೆ ತಗ್ಗಿನ ತೋಟ, ಮನೆಗಳಿಗೆ ನೀರು.

ಆದ್ದರಿಂದ ಕಡಿದ ಗುಡ್ಡದ ಬುಡದ ಮನೆ ಎಷ್ಟು ಚಂದವಿದ್ದರೂ, ಬಾಡಿಗೆ ಎಷ್ಟು ಕಡಿಮೆ ಇದ್ದರೂ ಬೇಡ. ಗೋಡೆಯ ಮೇಲೆ ಹಳೆಯ ನೀರಿನ ಗುರುತು ಇದೆಯೇ, ಹೊಸ ಬಣ್ಣದ ಅಡಿಗೆ ಅದು ಮುಚ್ಚಿದೆಯೇ ನೋಡಬೇಕು. ಹಂಚಿನ ಮನೆಯಾದರೆ ಮಳೆಗೆ ಮುಂಚೆ ಮಾಡು ಕೈಯಾಡಿಸುವವರು ಯಾರು, ಮಾಲಕರೋ ಬಾಡಿಗೆಯವರೋ, ಮೊದಲೇ ಮಾತಾಗಬೇಕು. ಮನೆ ಮತ್ತು ಶಾಲೆಯ ನಡುವೆ ಹೆದ್ದಾರಿ ಬರುತ್ತದೆಯೋ ಎಂಬುದನ್ನೂ ನೋಡಬೇಕು. ನಾಲ್ಕು ಪಥ ದಾಟುವ ಕೆಲಸ ನಾಲ್ಕನೆಯ ತರಗತಿಯ ಹುಡುಗನದಲ್ಲ.

ರಾತ್ರಿ ಎರಡು ಗಂಟೆಗೆ

ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಪ್ರಶ್ನೆ ಎಲ್ಲಕ್ಕಿಂತ ಮುಂದೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಎಲ್ಲಿಗೆ?

ಮೂರೂ ಊರಲ್ಲಿ ತಾಲೂಕು ಆಸ್ಪತ್ರೆ ಇದೆ, ಖಾಸಗಿ ವೈದ್ಯರಿದ್ದಾರೆ. ಜ್ವರ, ಹೆರಿಗೆ, ಕೈಕಾಲು ಮುರಿತಕ್ಕೆ ಸಾಕು. ಅದರಾಚೆ ಬಂತೆಂದರೆ ಜನ ಹಿಡಿಯುವ ದಾರಿ ಮಣಿಪಾಲದ್ದು. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿಲೋಮೀಟರು, ಹೊನ್ನಾವರದಿಂದ 130, ಕುಮಟೆಯಿಂದ 150. ಈ ದಾರಿಯ ಬೆಲೆ ಜಿಲ್ಲೆಗೆ ಗೊತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಆಗ ಮನೆಮನೆಯಿಂದ ಎದ್ದಿತು.

ಹೃದಯದ ಗುಳಿಗೆ ನುಂಗುವ ತಾಯಿ ಇರುವ ಮನೆಗೆ ಆ ಅರುವತ್ತು ಕಿಲೋಮೀಟರು ಸಣ್ಣ ಸಂಗತಿಯಲ್ಲ.

ಬಾಡಿಗೆ, ಕರಾರು, ಕೆಲವು ಪ್ರಶ್ನೆ

ಸರಕಾರಿ ನೌಕರರಿಗೆ ಮನೆ ಬಾಡಿಗೆ ಭತ್ಯೆ ಮೂರೂ ಊರಲ್ಲಿ ಒಂದೇ. 2024ರ ಆಗಸ್ಟಿನಿಂದ ಇಂಥ ಸಣ್ಣ ಊರುಗಳಿಗೆ ಮೂಲ ವೇತನದ ಶೇ. 7.5. ಮೂಲ ವೇತನ 40,000 ಇದ್ದರೆ ಭತ್ಯೆ 3,000. ಮೇಲಿನದು ಸ್ವಂತ ಕಿಸೆಯಿಂದ.

ಕರಾರು ಪತ್ರ ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷಕ್ಕೆ ಮೀರಿದ ಗೇಣಿಪತ್ರ 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಆಗಬೇಕು, ಆ ಖರ್ಚು ತಪ್ಪಿಸಲು ಈ ಉಪಾಯ. ಅದೇನೇ ಇರಲಿ, ಮೂರು ಮಾತು ಕಾಗದದ ಮೇಲೆ ಬರಬೇಕು: ನಡುವೆ ವರ್ಗವಾದರೆ ಎಷ್ಟು ದಿನದ ನೋಟೀಸು, ಡಿಪಾಜಿಟ್ಟು ಯಾವಾಗ ವಾಪಸು, ವರ್ಷಕ್ಕೆ ಬಾಡಿಗೆ ಎಷ್ಟು ಏರಿಕೆ. "ನಂಬಿಕೆ ಮೇಲೆ ನಡೀತದೆ ಬಿಡಿ" ಎಂದು ನಕ್ಕವರೇ ಹೋಗುವ ದಿನ ಗೋಡೆಯ ಮೊಳೆ ಎಣಿಸುತ್ತಾರೆ.

ಮಾಲಕರೂ ಪ್ರಶ್ನೆ ಕೇಳುತ್ತಾರೆ. "ನೀವು ಎಂತ ಜನ? ಮೀನು ತಿಂತ್ರಾ?" ಮೂರೂ ಊರಲ್ಲಿ, ಎಲ್ಲ ಕೇರಿಯಲ್ಲೂ ಈ ಪ್ರಶ್ನೆ ಇದೆ. ಕೇಳುವವರಿಗೆ ಇದು ವಾಡಿಕೆ. ಮೂರನೇ ಮನೆಯಲ್ಲೂ ಇದೇ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಡುವ ಸಂಸಾರಕ್ಕೆ ಅದು ಊರಿನ ಮೊದಲ ಮುಖ. ಬಾಡಿಗೆ ಸರಿಯಾಗಿ ಬರುವುದು ಸಂಬಳದಿಂದ, ಜಾತಿಯಿಂದಲ್ಲ ಎಂಬುದನ್ನು ಹತ್ತು ಬಾಡಿಗೆದಾರರನ್ನು ಕಂಡ ಮಾಲಕರು ಒಪ್ಪುತ್ತಾರೆ.

ಶಾಲೆಯ ವಿಷಯದಲ್ಲಿ ಒಂದು ಸಮಾಧಾನ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಎಂಟನೆಯ ತರಗತಿವರೆಗೆ, ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ, ಅನುದಾನಿತ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಚಿಕ್ಕವನ ಚಿಂತೆ ಬಗೆಹರಿಯಿತು. ಒಂಬತ್ತನೆಯ ತರಗತಿಯ ಹುಡುಗಿಯದು ಬೇರೆ. ಒಮ್ಮೆ ಸೇರಿದ ಶಾಲೆಯಲ್ಲೇ ಎಸ್ಸೆಸ್ಸೆಲ್ಸಿ ಮುಗಿಯಬೇಕು. ಮೊದಲ ವರ್ಷ ಒಂದು ಊರು, "ಸರಿಬರಲಿಲ್ಲ" ಎಂದು ಎರಡನೇ ವರ್ಷ ಇನ್ನೊಂದು ಊರು ಎಂಬ ಆಟ ಅವಳ ಮೇಲೆ ಆಡಬಾರದು.

ಅಂಗಡಿಯವರ ಪಾತ್ರ

ಯಾವ ಓಣಿಯಲ್ಲಿ ಯಾವ ಮನೆ ಖಾಲಿ, ಯಾವ ಮಾಲಕರು ಜಗಳಗಂಟರು, ಯಾವ ಬಾವಿ ಬತ್ತುತ್ತದೆ ಎಂಬುದು ಯಾವ ದಲ್ಲಾಳಿಗಿಂತ ಮುಂಚೆ ಗೊತ್ತಿರುವುದು ದಿನಸಿ ಅಂಗಡಿಯವರಿಗೆ. ಹೊಸಬರು ಕಮಿಷನ್ ಕೊಡುವ ಮೊದಲು ಆ ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ಕೊಂಡು ಮಾತಿಗೆ ನಿಂತರೆ ಲಾಭ. ಅಂಗಡಿಯವರಿಗೂ ಅಷ್ಟೇ. ವರ್ಗವಾಗಿ ಬಂದ ಒಂದು ಸಂಸಾರವೆಂದರೆ ಮೂರು ವರ್ಷದ ಗಿರಾಕಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಅಂಗಡಿಯಲ್ಲೇ ಅವರ ತಿಂಗಳ ಲೆಕ್ಕ ಶುರುವಾಗುತ್ತದೆ.

ಕೊನೆಗೆ ಆ ಧಾರವಾಡದ ಮನೆ ಯಾವ ಊರು ಹಿಡಿಯಬೇಕು? ಕಚೇರಿ ಭಟ್ಕಳ, ತಾಯಿಯ ದಾರಿ ಮಣಿಪಾಲದ ಕಡೆ, ಮಗಳಿಗೆ ಎರಡು ವರ್ಷ ಒಂದೇ ಶಾಲೆ. ಲೆಕ್ಕ ಭಟ್ಕಳ ಎನ್ನುತ್ತದೆ. ಮೂರನೇ ವರ್ಷ ಪಿಯುಸಿಗೆ ಕುಮಟೆಯೇ ಬೇಕೆಂದರೆ ಆಗ ನೋಡಿಕೊಳ್ಳಬಹುದು.

ಆದರೆ ಲೆಕ್ಕ ಮುಗಿದ ಮೇಲೂ ಒಬ್ಬರನ್ನು ಕೇಳುವುದು ಬಾಕಿ ಇರುತ್ತದೆ. ಗಂಡ ಕಚೇರಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಗುರುತು ಪರಿಚಯವಿಲ್ಲದ ಓಣಿಯಲ್ಲಿ, ಎಡೆಬಿಡದ ಮಳೆಯಲ್ಲಿ, ಅತ್ತೆಯ ಗುಳಿಗೆಯ ಹೊತ್ತು ನೋಡುತ್ತ ದಿನವಿಡೀ ಮನೆಯಲ್ಲಿರುವವಳು ಅವಳು. ಮನೆ ನೋಡಲು ಬರುವಾಗ ಅವಳನ್ನೂ ಕರೆತರಬೇಕು. ಪಕ್ಕದ ಮನೆಯವರ ಜೊತೆ ಹತ್ತು ನಿಮಿಷ ಮಾತಾಡಲು ಬಿಡಬೇಕು. ಅವಳು "ಇಲ್ಲಿ ಆಗ್ತದ" ಅಂದರೆ ಮುಂಗಡ ಕೊಡಬಹುದು.