ತಂತಿ ಮೇಲೆಳೆದಾಗ ಕೆಳಗಿಳಿಯುವ ಸ್ವರ

ಎಲೆಕ್ಟ್ರಿಕ್ ಗಿಟಾರಿನ ಅಗ್ಗದ ಮಲ್ಟಿ ಎಫೆಕ್ಟ್ಸ್ ಪೆಡಲ್ ಕೊಳ್ಳುವವರು ಮೊದಲು ನೋಡುವುದು ಅದರಲ್ಲಿ ಎಷ್ಟು ಎಫೆಕ್ಟುಗಳಿವೆ ಎಂಬ ಸಂಖ್ಯೆಯನ್ನು. ಆದರೆ ಒಳಗಿನ ಚಿಪ್ಪಿಗೆ ಎಲ್ಲ ಎಫೆಕ್ಟುಗಳ ಹೊರೆಯೂ ಒಂದೇ ಅಲ್ಲ. ಡಿಲೇ ಎಂದರೆ ಬಂದ ಧ್ವನಿಯನ್ನು ಮೆಮೊರಿಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡುವುದು. ರಿವರ್ಬ್ ಅಂಥ ಪ್ರತಿಧ್ವನಿಗಳ ದಟ್ಟ ಹೆಣಿಗೆ. ಎರಡರಲ್ಲೂ ಇರುವುದು ಮುಖ್ಯವಾಗಿ ಕೂಡುವ, ಗುಣಿಸುವ ಕೆಲಸ. ನುಡಿಸಿದ ಸ್ವರದಲ್ಲಿಲ್ಲದ ಕಂಪನ ಹುಟ್ಟುವುದಿಲ್ಲ. 2019ರಲ್ಲಿ ಬಂದ ಝೂಮ್ ಜಿ1 ಫೋರ್‌ನಂಥ ಪುಟ್ಟ ಪೆಡಲ್ ನಾಲ್ಕು ಎಎ ಬ್ಯಾಟರಿಗಳಲ್ಲೇ ಐದು ಎಫೆಕ್ಟುಗಳನ್ನು ಒಟ್ಟಿಗೆ ನಡೆಸುತ್ತದೆ. ಇಂಥ ಕೆಲಸಗಳಲ್ಲಿ ಅಗ್ಗದ್ದು ದುಬಾರಿಯದಕ್ಕಿಂತ ಬಹಳವೇನೂ ಹಿಂದೆ ಬೀಳದು. ಪೆಡಲಿನ ನಿಜವಾದ ಯೋಗ್ಯತೆ ಗೊತ್ತಾಗುವುದು ಡಿಸ್ಟಾರ್ಷನ್‌ನಲ್ಲಿ.

ಡಿಸ್ಟಾರ್ಷನ್ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಮೂರು, ಐದು, ಏಳು ಪಟ್ಟು, ಹೀಗೆ ಮೇಲೇರುತ್ತಲೇ ಹೋಗುವ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ರಾಕ್ ಸಂಗೀತದ ಕಾವು ಇರುವುದೇ ಅವುಗಳಲ್ಲಿ. ಆದರೆ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆಯುವ ಯಂತ್ರಕ್ಕೆ ಅದರ ಅರ್ಧ, ಅಂದರೆ 22,050 ಹರ್ಟ್ಸ್, ದಾಟಲಾಗದ ಗಡಿ. ಗಡಿ ಮೀರಿದ ಕಂಪನ ಮಾಯವಾಗದೆ ಮಡಚಿಕೊಂಡು ಕೆಳಗೆ ಬರುತ್ತದೆ. ಸಿನಿಮಾದಲ್ಲಿ ಜೋರಾಗಿ ಓಡುವ ಸಾರೋಟಿನ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಇದಕ್ಕೆ ಏಲಿಯಾಸಿಂಗ್ ಎಂದು ಹೆಸರು. ಅತಿ ಸಣ್ಣ ತಂತಿಯ 22ನೇ ಫ್ರೆಟ್ಟಿನ ಸ್ವರ ಸುಮಾರು 1,175 ಹರ್ಟ್ಸ್. ಅದರ 35ನೇ ಹಾರ್ಮೋನಿಕ್ 41,125. ಮಡಚಿದಾಗ ಅದು 2,975 ಹರ್ಟ್ಸ್ ಆಗುತ್ತದೆ. ತಂತಿಯನ್ನು ಎಳೆದು ಸ್ವರವನ್ನು ಅರ್ಧ ಮೆಟ್ಟಿಲು ಏರಿಸಿ 1,245ಕ್ಕೆ ಒಯ್ದರೆ ಆ ನೆರಳು 525 ಹರ್ಟ್ಸ್‌ಗೆ ಜಾರುತ್ತದೆ. ನುಡಿಸಿದ ಸ್ವರ ಮೇಲೇರುವಾಗ ಅದರೊಳಗಿನಿಂದಲೇ ಇನ್ನೊಂದು ಕೆಳಗಿಳಿಯುವುದು ಗಿಟಾರಿಗೂ ಸಂಗೀತಕ್ಕೂ ಸಂಬಂಧವಿಲ್ಲದ ಸದ್ದು. ಇದನ್ನು ತಡೆಯಲು ಕತ್ತರಿಸುವ ಲೆಕ್ಕವನ್ನು ಎಂಟು ಪಟ್ಟು, ಹದಿನಾರು ಪಟ್ಟು ವೇಗದಲ್ಲಿ ಮಾಡಿ, ಮೇಲಿನದನ್ನು ಸೋಸಿ, ಆಮೇಲೆ ಇಳಿಸಬೇಕು. ಅಷ್ಟು ಲೆಕ್ಕಕ್ಕೆ ಬಲವಾದ ಚಿಪ್ ಬೇಕು, ಬಲಕ್ಕೆ ದುಡ್ಡು ಬೇಕು. ಡಬ್ಬಿಯ ಮೇಲಿನ ಪಟ್ಟಿಗಳು ಈ ವಿಷಯವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಗಿಟಾರಿನ ಸ್ಪೀಕರ್ 5,000 ಹರ್ಟ್ಸ್‌ನಿಂದಾಚೆಗೆ ಹೆಚ್ಚೇನೂ ಬಿಡುವುದಿಲ್ಲ, ಹಾಗಾಗಿ ಇದೆಲ್ಲ ಅಲ್ಲೇ ಸೋಸಿಹೋಗುತ್ತದೆ ಎಂಬ ವಾದವಿದೆ. ಮೇಲೆಯೇ ಉಳಿದ ಕಲ್ಮಶಕ್ಕೆ ಅದು ನಿಜ. 525 ಹರ್ಟ್ಸ್‌ನಲ್ಲಿ ಬಂದು ಕೂತದ್ದನ್ನು ಯಾವ ಸ್ಪೀಕರೂ ಬೇರೆ ಮಾಡಲಾರದು. ಡ್ರಮ್ಸ್ ಮತ್ತು ಬೇಸ್ ಜೊತೆಗಿದ್ದರೆ ಯಾರಿಗೆ ಕೇಳಿಸುತ್ತದೆ ಎಂಬ ಮಾತನ್ನು ನಾನು ಅರ್ಧಕ್ಕಿಂತ ಹೆಚ್ಚೇ ಒಪ್ಪುತ್ತೇನೆ. ಕೆಳಗಿನ ತಂತಿಗಳಲ್ಲಿ ರಿದಮ್ ನುಡಿಸುವವರಿಗೆ ಇದು ದೊಡ್ಡ ತೊಂದರೆಯಲ್ಲ. ಆದರೆ ಅಗ್ಗದ ಪೆಡಲ್ ಕೊಳ್ಳುವವರಲ್ಲಿ ಹೆಚ್ಚಿನವರು ಕಲಿಯುವವರು. ಅವರು ನುಡಿಸುವುದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು, ಒಬ್ಬರೇ. ಅಲ್ಲಿ ಮರೆಮಾಡಲು ಬೇರೆ ಯಾವ ವಾದ್ಯವೂ ಇರುವುದಿಲ್ಲ. ಸೋಲೋ ಕರ್ಕಶವಾಗಿ ಕೇಳಿಸಿದರೆ ತಮ್ಮ ಬೆರಳೇ ಸರಿಯಿಲ್ಲ ಎಂದು ಕೊರಗುವವರೂ ಅವರೇ. ಹಾಗಾಗಬಾರದು.

ಪರೀಕ್ಷೆ ಸುಲಭ, ಅಂಗಡಿಯಲ್ಲೇ ಮಾಡಬಹುದು. ಡಿಲೇ, ರಿವರ್ಬ್ ಎಲ್ಲ ಆಫ್ ಮಾಡಿ, ಡಿಸ್ಟಾರ್ಷನ್‌ನ ಗೇನ್ ಪೂರ್ತಿ ಏರಿಸಿ, ಸಣ್ಣ ತಂತಿಯ ಕೊನೆಯ ಫ್ರೆಟ್ಟುಗಳಲ್ಲಿ ಒಂದೇ ಸ್ವರವನ್ನು ನಿಧಾನವಾಗಿ ಎಳೆಯಬೇಕು. ಹಿಂದೆ ಸಿಳ್ಳೆಯಂಥದ್ದು ಉಲ್ಟಾ ದಿಕ್ಕಿನಲ್ಲಿ ಜಾರಿದರೆ ಅದೇ ಏಲಿಯಾಸಿಂಗ್. ಕೇಳಿಸಿದ ಮಾತ್ರಕ್ಕೆ ಪೆಡಲನ್ನು ಬಿಟ್ಟುಬರಬೇಕಾಗಿಲ್ಲ. ಗೇನ್ ಇಳಿಸಿದಷ್ಟೂ ಅದು ಕುಗ್ಗುತ್ತದೆ. ಇಲ್ಲವೇ ಗಿಟಾರಿಗೂ ಇದಕ್ಕೂ ನಡುವೆ ಒಂದು ಸಾದಾ ಅನಲಾಗ್ ಡಿಸ್ಟಾರ್ಷನ್ ಪೆಡಲ್ ಇಟ್ಟರೆ, ಕತ್ತರಿಸುವ ಕೆಲಸ ಅಂಕಿಗಳಾಗುವ ಮೊದಲೇ ಮುಗಿದಿರುತ್ತದೆ. ಗಡಿ ಮೀರಿದ್ದನ್ನು ಒಳಬಾಗಿಲಿನ ಫಿಲ್ಟರ್ ತಡೆಯುತ್ತದೆ, ಡಿಲೇ ಮತ್ತು ರಿವರ್ಬ್ ಅಗ್ಗದ ಪೆಡಲಿನ ಪಾಲಿಗೆ ಉಳಿಯುತ್ತವೆ.